ಪ್ರಗತಿ ವರದಿಯಲ್ಲಿ ಸೇರದ ಲೆಕ್ಕ

ಮಾರ್ಚ್ ಬಂತೆಂದರೆ ನಮ್ಮ ಕಚೇರಿಯಲ್ಲಿ ಎರಡೇ ಮಾತು. ಭೌತಿಕ ಗುರಿ ಎಷ್ಟು, ಸಾಧನೆ ಎಷ್ಟು? ಆರ್ಥಿಕ ಗುರಿ ಎಷ್ಟು, ಖರ್ಚು ಎಷ್ಟು? ಇಷ್ಟು ತರಬೇತಿ, ಇಷ್ಟು ಪ್ರಾತ್ಯಕ್ಷಿಕೆ, ಇಷ್ಟು ಕ್ವಿಂಟಲ್ ಬಿತ್ತನೆ ಬೀಜ, ಇಷ್ಟು ಮಣ್ಣು ಮಾದರಿ. ಪ್ರತಿ ಸಾಲಿನ ಕೊನೆಗೆ ಶೇಕಡಾವಾರು.

ನಾನು ಕೃಷಿ ಇಲಾಖೆಯವಳು. ದಾವಣಗೆರೆ ಜಿಲ್ಲೆಯ ಒಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೆಲಸ. ಭದ್ರಾ ನಾಲೆ ನಮ್ಮ ಕಡೆ ಬರುವುದಿಲ್ಲ, ಮಳೆಯೇ ಗತಿ. ಪ್ರಗತಿ ವರದಿ ಬೇಡ ಎಂದು ನಾನು ಹೇಳುತ್ತಿಲ್ಲ. ಸರ್ಕಾರದ ದುಡ್ಡು ಎಲ್ಲಿಗೆ ಹೋಯಿತು ಎನ್ನುವುದಕ್ಕೆ ಲೆಕ್ಕ ಇರಲೇಬೇಕು ಅಲ್ವಾ. ಆದರೆ ನೂರಕ್ಕೆ ನೂರು ಎಂದು ಬರೆದಾದ ಮೇಲೂ ನನಗೆ ಒಂದು ಪ್ರಶ್ನೆ ಉಳಿಯುತ್ತದೆ. ಹೋದ ವರ್ಷಕ್ಕಿಂತ ಈ ವರ್ಷ ಈ ಕೆಲಸವನ್ನು ಚೆನ್ನಾಗಿ ಮಾಡಿದೆನಾ? ಅದಕ್ಕೆ ವರದಿಯಲ್ಲಿ ಕಾಲಂ ಇಲ್ಲ. ಆ ಕಾಲಂ ನಾವೇ ಹಾಕಿಕೊಳ್ಳಬೇಕು. ಕೆಲವು ವರ್ಷಗಳಿಂದ ನಾನು ಅದನ್ನು ಹೇಗೆ ಮಾಡುತ್ತಿದ್ದೇನೆ ಎಂದು ಬರೆಯುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಬಹುದು.

ನಮ್ಮ ಕೆಲಸದಲ್ಲಿ ಫಲಿತಾಂಶವನ್ನೇ ಗುರಿ ಮಾಡಿಕೊಂಡರೆ ವರ್ಷದ ಕೊನೆಗೆ ಏನೂ ತಿಳಿಯುವುದಿಲ್ಲ. ಕಳೆದ ಮೂರು ಮುಂಗಾರು ನೋಡಿ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಎಷ್ಟೋ ಹೊಲಗಳಲ್ಲಿ ಮೆಕ್ಕೆಜೋಳ ತೆನೆ ಕಟ್ಟಲಿಲ್ಲ. 2024ರಲ್ಲಿ ಮಳೆ ಬಂತು, ಭದ್ರಾ ಜಲಾಶಯ ತುಂಬಿತು. 2025ರಲ್ಲಿ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇತ್ತು, ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ರೈತರು ಬೀದಿಗಿಳಿದರು. ಈಗ ಹೇಳಿ, 'ನನ್ನ ಹೋಬಳಿಯ ರೈತರ ಆದಾಯ ಹೆಚ್ಚಬೇಕು' ಎಂದು ನಾನು ಬರೆದುಕೊಂಡಿದ್ದರೆ? 2023ರಲ್ಲಿ ನಾನು ಕೆಟ್ಟ ಕೆಲಸಗಾರ್ತಿ, 2024ರಲ್ಲಿ ಒಳ್ಳೆಯವಳು, 2025ರಲ್ಲಿ ಮತ್ತೆ ಕೆಟ್ಟವಳು. ಅದು ನನ್ನ ಕೆಲಸದ ಲೆಕ್ಕ ಆಗುವುದಿಲ್ಲ. ಮಳೆ ಮತ್ತು ಮಾರುಕಟ್ಟೆಯ ಲೆಕ್ಕ ಆಗುತ್ತದೆ.

ಆದ್ದರಿಂದ ನನ್ನ ಗುರಿಗೆ ಒಂದೇ ಷರತ್ತು. ಮಳೆ ಬಾರದಿದ್ದರೂ ನಾನು ಅದನ್ನು ಮಾಡಲು ಆಗಬೇಕು. ಮಾಡಿದೆನೋ ಇಲ್ಲವೋ ಎಂದು ಹೊಲದಲ್ಲಿ ನಿಂತು ಹೇಳಲು ಆಗಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸೈನಿಕ ಹುಳುವಿನ ವಿಷಯ. ಅಮೆರಿಕ ಮೂಲದ ಈ ಹುಳು ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಪಕ್ಕದ ಶಿವಮೊಗ್ಗದಲ್ಲಿ. ಆಮೇಲೆ ನಮ್ಮ ಮೆಕ್ಕೆಜೋಳದ ಹೊಲಗಳಿಗೆ ಬರಲು ಅದಕ್ಕೆ ತಡವಾಗಲಿಲ್ಲ. ಮರಿ ಹುಳು ಎಲೆಯನ್ನು ಕೆರೆದು ತಿನ್ನುತ್ತದೆ, ಎಲೆಯ ಮೇಲೆ ಬಿಳಿ ಪೊರೆಯ ಹಾಗೆ ಕಲೆ ಕಾಣುತ್ತದೆ. ಆ ಹಂತದಲ್ಲಿ ಕಂಡರೆ ಕೆಲಸ ಸುಲಭ. ಲೀಟರ್ ನೀರಿಗೆ 0.4 ಗ್ರಾಂ ಇಮಾಮೆಕ್ಟಿನ್ ಬೆಂಜೋಯೇಟ್ ಹಾಕಿ, ಸಂಜೆ ಹೊತ್ತು ಸುಳಿಯೊಳಗೆ ಬೀಳುವ ಹಾಗೆ ಹೊಡೆದರೆ ಹತೋಟಿಗೆ ಬರುತ್ತದೆ. ಹುಳು ದೊಡ್ಡದಾಗಿ ಸುಳಿಯೊಳಗೆ ಇಳಿದು ಕುಳಿತರೆ ಕಷ್ಟ. ಅದರ ಹಿಕ್ಕೆಯೇ ಸುಳಿಯನ್ನು ಮುಚ್ಚಿರುತ್ತದೆ, ಔಷಧಿ ಒಳಗೆ ಹೋಗುವುದಿಲ್ಲ. ಅಂದರೆ ಔಷಧಿಗಿಂತ ಮುಖ್ಯವಾದದ್ದು ಹುಳು ಯಾವಾಗ ಕಣ್ಣಿಗೆ ಬಿತ್ತು ಎನ್ನುವುದು.

ತರಬೇತಿಗೆ ಬರುವವರು ಹೆಚ್ಚಾಗಿ ಗಂಡಸರು. ಪಹಣಿ ಅವರ ಹೆಸರಲ್ಲಿ ಇರುತ್ತದೆ, ಸಹಿ ಅವರದೇ ಬೇಕು. ಆದರೆ ಬಿತ್ತಿದ ಮೂರನೇ ನಾಲ್ಕನೇ ವಾರದಲ್ಲಿ ಸಾಲು ಸಾಲಾಗಿ ಬಗ್ಗಿ ಪ್ರತಿ ಗಿಡದ ಹತ್ತಿರ ಹೋಗುವವರು ಯಾರು? ಕಳೆ ತೆಗೆಯುವ ಹೆಣ್ಣುಮಕ್ಕಳು. ಹುಳು ಮೊದಲು ಕಣ್ಣಿಗೆ ಬೀಳುವುದು ಅವರಿಗೆ. ಅದಕ್ಕೇ ಒಂದು ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ನನ್ನ ಹೋಬಳಿಯ ಕಳೆ ಗುಂಪುಗಳಿಗೆ ಈ ಹುಳುವಿನ ಗುರುತು ಗೊತ್ತಿರಬೇಕು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ. ಇಷ್ಟೇ.

ಇದಕ್ಕೆ ಶಾಮಿಯಾನ ಬೇಡ, ಬ್ಯಾನರ್ ಬೇಡ. ಬೆಳಿಗ್ಗೆ ಬುತ್ತಿ ಬಿಚ್ಚುವ ಹೊತ್ತಿಗೆ ಹೊಲದ ಬದುವಿಗೆ ಹೋದರೆ ಆಯಿತು. ಹುಳುವನ್ನು ಹಿಡಿದು ಕೈ ಮೇಲೆ ಇಟ್ಟುಕೊಂಡು ಚುಕ್ಕೆ ತೋರಿಸಿದರೆ ಹತ್ತು ನಿಮಿಷದ ಕೆಲಸ. ಅವರು ಬೇಗ ಕಲಿತರು. ಆದರೆ ಒಬ್ಬಾಕೆ ಕೇಳಿದ ಪ್ರಶ್ನೆ ನನ್ನ ಗುರಿಯನ್ನೇ ತಿದ್ದಿತು.

"ಮೇಡಂ, ನಾವು ಕೂಲಿಗೆ ಬಂದೋರು. ಹುಳ ಕಂಡ್ರೆ ಯಾರಿಗೆ ಹೇಳ್ಬೇಕು? ಹೇಳಿದ್ರೆ ಕೇಳೋರು ಯಾರದಾರೆ?"

ಸರಿಯಾದ ಮಾತು. ಗುರುತು ಹಿಡಿಯುವುದನ್ನು ಕಲಿಸಿದರೆ ಅರ್ಧ ಕೆಲಸ. ಹೊಲದ ಯಜಮಾನರು ಸಂಜೆ ಕೂಲಿ ಕೊಡುವಾಗ "ಹುಳ ಏನಾದ್ರೂ ಕಂಡ್ತೇನಮ್ಮ?" ಎಂದು ಕೇಳುವ ಹಾಗೆ ಮಾಡುವುದು ಇನ್ನರ್ಧ. ಆಮೇಲೆ ಗಂಡಸರ ತರಬೇತಿಯಲ್ಲಿ ನಾನು ಹುಳುವಿನ ಬಗ್ಗೆ ಹೇಳಿದ್ದಕ್ಕಿಂತ ಈ ಪ್ರಶ್ನೆಯ ಬಗ್ಗೆ ಹೇಳಿದ್ದೇ ಜಾಸ್ತಿ. ರಾಶಿ ಮುಗಿದ ಮೇಲೆ ಆ ಹೊಲಗಳಿಗೆ ತಿರುಗಿ ಹೋಗಿ ಒಂದೇ ವಿಷಯ ವಿಚಾರಿಸಿದೆ. ಈ ವರ್ಷ ಹುಳು ಮೊದಲು ಕಂಡಿದ್ದು ಯಾರಿಗೆ? ಕೆಲವು ಕಡೆ "ಕಳೆ ತೆಗಿಯೋ ಅಮ್ಮಾರು ಹೇಳಿದ್ರು" ಎಂಬ ಉತ್ತರ ಬಂತು. ಆ ಉತ್ತರ ಯಾವ ವರದಿಗೂ ಹೋಗುವುದಿಲ್ಲ. ಆದರೆ ನನ್ನ ಆ ವರ್ಷದ ಕೆಲಸದ ಬಗ್ಗೆ ಅದಕ್ಕಿಂತ ಸ್ಪಷ್ಟವಾಗಿ ಹೇಳಿದ್ದು ಬೇರೆ ಯಾವುದೂ ಇಲ್ಲ.

ನೋಟ್‌ಬುಕ್ ಹೇಗಿರಬೇಕು ಎಂದು ಜೊತೆಯವರು ಕೇಳುತ್ತಾರೆ. ದೊಡ್ಡದೇನಿಲ್ಲ. ಪುಟದ ಎಡಗಡೆ ನಾನು ಏನು ಹೇಳಿದೆ, ಯಾರಿಗೆ, ಯಾವ ಮಳೆಯಲ್ಲಿ. ತಾರೀಖಿಗಿಂತ ಮೃಗಶಿರಾ, ಆರಿದ್ರಾ, ಪುಷ್ಯ ಎಂದು ಬರೆದುಕೊಂಡರೆ ಹಳ್ಳಿಯಲ್ಲಿ ನೆನಪು ಮಾಡಿಸುವುದು ಸುಲಭ. ಬಲಗಡೆ ಖಾಲಿ. ಮುಂದಿನ ಸಲ ಹೋದಾಗ ಅವರು ಏನು ಮಾಡಿದರು ಎಂದು ನೋಡಿ ಅಲ್ಲಿ ಬರೆಯಬೇಕು. ಮಾಡದಿದ್ದರೆ ಯಾಕೆ ಮಾಡಲಿಲ್ಲ ಎಂದು ಅವರ ಮಾತಿನಲ್ಲೇ ಬರೆಯಬೇಕು. "ಸಾಲ ಸಿಗಲಿಲ್ಲ", "ಟ್ರ್ಯಾಕ್ಟರ್ ಆ ದಿನ ಬರಲಿಲ್ಲ", "ಮನೇಲಿ ಒಪ್ಪಲಿಲ್ಲ". ಇವನ್ನು ನಮ್ಮ ಭಾಷೆಗೆ ತಿರುಗಿಸಿ 'ಅರಿವಿನ ಕೊರತೆ' ಎಂದು ಬರೆಯಬಾರದು. ಹಾಗೆ ಬರೆದರೆ ನಿಜವಾದ ಕಾರಣ ಅಲ್ಲೇ ಸತ್ತುಹೋಗುತ್ತದೆ.

ಈ ಬಲಗಡೆಯ ಸಾಲು ಹುಟ್ಟಿದ್ದು ಒಬ್ಬ ಹಿರಿಯ ರೈತರ ಮಾತಿನಿಂದ. "ಹೇಳಿ ಹೋಗೋರು ಬಾಳ ಜನ ಬರ್ತಾರಮ್ಮ. ಹೇಳಿದ್ದು ಏನಾತು ಅಂತ ನೋಡಾಕೆ ತಿರುಗಿ ಬರೋರು ಕಮ್ಮಿ" ಎಂದಿದ್ದರು. ವರ್ಷದ ಕೊನೆಗೆ ನಾನು ಮೊದಲು ನೋಡುವುದು ಬಲಗಡೆ ಎಲ್ಲೆಲ್ಲಿ ಖಾಲಿ ಉಳಿದಿದೆ ಎಂದು. ಖಾಲಿ ಇರುವ ಊರುಗಳೇ ಮುಂದಿನ ವರ್ಷದ ಪಟ್ಟಿಯಲ್ಲಿ ಮೇಲೆ ಬರುತ್ತವೆ. ಸಾಮಾನ್ಯವಾಗಿ ಅವು ಬಸ್ಸು ಕಡಿಮೆ ಇರುವ ಊರುಗಳು. ಇದು ನನ್ನ ಗಮನಕ್ಕೆ ಬಂದಿದ್ದೇ ಪುಟಗಳನ್ನು ಒಟ್ಟಿಗೆ ಇಟ್ಟು ಓದಿದಾಗ.

ಮಣ್ಣು ಆರೋಗ್ಯ ಚೀಟಿಯಲ್ಲೂ ಹೀಗೇ. 2015ರಲ್ಲಿ ಈ ಯೋಜನೆ ಬಂತು. ಚೀಟಿಯಲ್ಲಿ ಸಾರಜನಕದಿಂದ ಹಿಡಿದು ಬೋರಾನ್‌ವರೆಗೆ 12 ಅಂಶಗಳ ವಿವರ ಇರುತ್ತದೆ. ಮಾದರಿ ತೆಗೆದಿದ್ದು ಎಷ್ಟು, ಚೀಟಿ ಹಂಚಿದ್ದು ಎಷ್ಟು ಎಂದು ವರದಿ ಕೇಳುತ್ತದೆ. ನನ್ನ ಗುರಿ ಬೇರೆ. ಬಿತ್ತನೆಗೆ ಮೊದಲು ಚೀಟಿಯನ್ನು ಅವರ ಜೊತೆ ಕುಳಿತು ಓದಬೇಕು, ಆಮೇಲೆ ಅವರು ತಂದ ಗೊಬ್ಬರದ ಚೀಲ ಯಾವುದು ಎಂದು ನೋಡಬೇಕು. ಚೀಟಿಯಲ್ಲಿ ರಂಜಕ ಜಾಸ್ತಿ ಇದೆ ಎಂದು ಬಂದಿದ್ದರೂ ಮನೆ ಮುಂದೆ ಡಿಎಪಿ ಚೀಲ ಇಳಿದಿರುತ್ತದೆ. ಡಿಎಪಿಯಲ್ಲಿ ನೂರಕ್ಕೆ 46 ಪಾಲು ರಂಜಕವೇ. ಚೀಲ ಬದಲಾಗದಿದ್ದರೆ ಚೀಟಿ ಪಾಸ್‌ಬುಕ್ಕಿನ ಜೊತೆ ಟ್ರಂಕಿನಲ್ಲಿ ಇದೆ ಎಂದೇ ಅರ್ಥ.

ಗುರಿಯನ್ನು ಬಿಡುವ ವಿಷಯವನ್ನೂ ಹೇಳಬೇಕು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ನವಣೆ, ಸಾವೆ ಬೆಳೆಯುವವರನ್ನು ಹೆಚ್ಚಿಸಬೇಕು ಎಂದು ನನಗೂ ಆಸೆ ಇತ್ತು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ ಸಾವೆ ಇವತ್ತಿಗೂ ಬೆಳೆಯುತ್ತಾರೆ. ನಮ್ಮಲ್ಲಿ ಯಾಕಾಗದು ಎಂದುಕೊಂಡೆ. ಆದರೆ ಊರೂರಿನಲ್ಲಿ ಒಂದೇ ಉತ್ತರ ಬಂತು. ಬೆಳೆಯುತ್ತೇವೆ ಮೇಡಂ, ಹೊಟ್ಟು ತೆಗೆಯುವ ಮಿಲ್ ಎಲ್ಲಿದೆ? ಮೆಕ್ಕೆಜೋಳವಾದರೆ ಒಕ್ಕಿದ ದಿನವೇ ಗಾಡಿ ಬಂದು ತೂಕ ಹಾಕಿಕೊಂಡು ಹೋಗುತ್ತದೆ. ಸಾವೆಯನ್ನು ಯಾರಿಗೆ ಕೊಡಬೇಕು? ಇದು ಹಟವಲ್ಲ, ಲೆಕ್ಕಾಚಾರ. ಹಾಗಾಗಿ ಆ ಗುರಿಯನ್ನು ಹೊಡೆದುಹಾಕಿ ಪಕ್ಕದಲ್ಲೇ ಕಾರಣ ಬರೆದೆ. ಅದರ ಜಾಗದಲ್ಲಿ ಇನ್ನೊಂದು ಬಂತು: ಹತ್ತಿರದಲ್ಲಿ ಸಂಸ್ಕರಣಾ ಯಂತ್ರ ಎಲ್ಲೆಲ್ಲಿದೆ, ಒಂದು ಮೂಟೆಗೆ ಏನು ತಗುಲುತ್ತದೆ ಎಂದು ತಿಳಿದುಕೊಳ್ಳುವುದು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಹೋಗಿ ಕೇಳಿದರೆ ತಿಳಿದವರು ಸಿಗುತ್ತಾರೆ. ಕಾರಣ ಬರೆಯದೆ ಗುರಿ ಬಿಟ್ಟರೆ ಮರೆತುಹೋಗುತ್ತದೆ. ಕಾರಣ ಬರೆದು ಬಿಟ್ಟರೆ ಮುಂದಿನ ವರ್ಷ ಅದೇ ಒಂದು ಕೆಲಸವಾಗುತ್ತದೆ.

ಇನ್ನು ಇದನ್ನೆಲ್ಲ ಯಾವಾಗ ಕುಳಿತು ನೋಡಬೇಕು? ಡಿಸೆಂಬರ್ 31 ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಮುಖ್ಯ ಬೆಳೆಯ ನಡುವೆ ಅಕ್ಕಡಿ ಸಾಲಿನಲ್ಲಿ ಹಾಕಿದ ತೊಗರಿ ಇನ್ನೂ ಹೊಲದಲ್ಲೇ ಇರುತ್ತದೆ. ಮಾರ್ಚ್ 31ಕ್ಕೆ ಬಿಲ್ಲುಗಳ ಗಲಾಟೆ, ಯೋಚಿಸಲು ತಲೆಯಲ್ಲಿ ಜಾಗವೇ ಇರುವುದಿಲ್ಲ. ಸಂಕ್ರಾಂತಿಯ ಹೊತ್ತು ಸರಿ. ರಾಶಿ ಮುಗಿದಿರುತ್ತದೆ, ರೈತರಿಗೂ ಮಾತಾಡಲು ಪುರುಸೊತ್ತು, ಆ ವರ್ಷದ ನೆನಪು ಹಸಿಯಾಗಿರುತ್ತದೆ. ಹೊಸ ಗುರಿ ಬರೆಯುವುದು ಯುಗಾದಿಗೆ ಮುಂಚೆ. ಯುಗಾದಿಯ ಹೊತ್ತಿಗೆ ಹೊನ್ನಾರು, ಅಂದರೆ ವರ್ಷದ ಮೊದಲ ನೇಗಿಲು, ಹೂಡಿದ ಮೇಲೆ ರೈತರ ತಲೆಯಲ್ಲಿ ಬೀಜ, ಗೊಬ್ಬರ, ಸಾಲದ ಯೋಜನೆ ಶುರುವಾಗುತ್ತದೆ. ನನ್ನ ಪಟ್ಟಿ ಅದಕ್ಕಿಂತ ಮೊದಲು ತಯಾರಿದ್ದರೆ ಅವರ ಯೋಜನೆಯೊಳಗೆ ನನ್ನ ಮಾತಿಗೂ ಜಾಗ ಸಿಗುತ್ತದೆ.

ಪ್ರತಿ ಕೆಲಸಕ್ಕೂ ಅದರದೇ ವರ್ಷ ಇದೆ. ನನ್ನ ತಂಗಿ ದಾವಣಗೆರೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್‌ನಲ್ಲಿದ್ದಾಳೆ. ಅವಳ ವರ್ಷ ತಿರುಗುವುದು ದೀಪಾವಳಿಗೆ. ವ್ಯಾಪಾರ ಎಷ್ಟಾಯಿತು ಎನ್ನುವುದು ಅವಳ ಕೈಯಲ್ಲಿಲ್ಲ. ಬಟ್ಟೆ ಬದಲಿಸಿಕೊಳ್ಳಲು ಬಂದವರನ್ನು ಕಾಯಿಸದೆ ಕಳಿಸುವುದು ಅವಳ ಕೈಯಲ್ಲಿದೆ. ಅವಳ ಗುರಿ ಅದು.

ಒಬ್ಬರೇ ಕುಳಿತು ನೋಡಿದರೆ ಸಾಲದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಬಗ್ಗೆ ನಾವು ಒಂದೋ ಜಾಸ್ತಿ ಒಳ್ಳೆಯದು ಹೇಳಿಕೊಳ್ಳುತ್ತೇವೆ, ಇಲ್ಲ ಸುಮ್ನೆ ಬೈದುಕೊಳ್ಳುತ್ತೇವೆ. ನಾನು ಇಬ್ಬರ ಹತ್ತಿರ ಹೋಗುತ್ತೇನೆ. ಒಬ್ಬರು ನನಗಿಂತ ಹೆಚ್ಚು ವರ್ಷ ಕೆಲಸ ಮಾಡಿದ ಸಾರ್. ನನ್ನ ಗುರಿ ಕೇಳಿದ ಕೂಡಲೇ "ಇದು ನಿನ್ನ ಕೈಲಿ ಇದೆಯೇನಮ್ಮಾ?" ಎನ್ನುತ್ತಾರೆ. ಇನ್ನೊಬ್ಬರು ಯಾರಾದರೂ ರೈತ ಮಹಿಳೆ. ಅವರಿಗೆ ನಾನು ಕೇಳುವುದು ಇಷ್ಟೇ: ಹೋದ ವರ್ಷ ನಾನು ಬಂದಿದ್ದರಿಂದ ನಿಮಗೆ ಯಾವ ಕೆಲಸ ಹಗುರಾಯಿತು? ಉತ್ತರ ಬರಲು ಹೊತ್ತಾಗುತ್ತದೆ. ನಡುವೆ ನಾವು ಬಾಯಿ ಹಾಕಬಾರದು. ನಾವೇ ಉತ್ತರ ಹುಡುಕಿಕೊಟ್ಟರೆ ಅವರು ಮರ್ಯಾದೆಗೆ ಹೂಂ ಎನ್ನುತ್ತಾರೆ, ನಮಗೆ ಏನೂ ಸಿಗುವುದಿಲ್ಲ.

2025ರ ಬೆಲೆ ಕುಸಿತ ಕಂಡ ಮೇಲೆ ಈ ಸಲದ ಪಟ್ಟಿಯಲ್ಲಿ ತೇವಾಂಶದ ವಿಷಯ ಮೇಲೆ ಬಂದಿದೆ. ಬೆಂಬಲ ಬೆಲೆ ಖರೀದಿಗೆ ಮೆಕ್ಕೆಜೋಳದಲ್ಲಿ ತೇವಾಂಶ ನೂರಕ್ಕೆ 14ಕ್ಕಿಂತ ಜಾಸ್ತಿ ಇರಬಾರದು. ರೈತರು ರಸ್ತೆ ಮೇಲೆ ಒಣಹಾಕಿ, ಕೈಯಲ್ಲಿ ಹಿಡಿದು, ಹಲ್ಲಲ್ಲಿ ಕಡಿದು ನೋಡಿ ಅಂದಾಜು ಮಾಡುತ್ತಾರೆ. ಮಾರುಕಟ್ಟೆಯಲ್ಲಿ ಕೊಳ್ಳುವವರು ಮೀಟರ್ ಹಿಡಿದು 'ಹಸಿ ಇದೆ' ಎಂದರೆ ಎದುರು ಮಾತಾಡಲು ಇವರ ಹತ್ತಿರ ಲೆಕ್ಕ ಇರುವುದಿಲ್ಲ. ಬೆಲೆ ಏರಿಸುವುದು ನನ್ನಿಂದ ಆಗದು. ಆದರೆ ಚೀಲ ಕಟ್ಟುವ ಮೊದಲೇ ಊರಲ್ಲಿ ತೇವಾಂಶ ಅಳೆದು, ಆ ಅಂಕಿಯನ್ನು ಬರೆದು ಅವರ ಕೈಗೆ ಕೊಡುವುದು ಆಗುತ್ತದೆ. ರಾಶಿ ನಡೆಯುವ ವಾರಗಳಲ್ಲಿ ಯಾವ ದಿನ ಯಾವ ಊರು ಎಂದು ಪಟ್ಟಿ ಮಾಡಿದ್ದೇನೆ. ಬಸ್ಸು ಕಡಿಮೆ ಇರುವ ಊರುಗಳು ಮೊದಲು. ನಮ್ಮ ಕೇಂದ್ರದಲ್ಲಿ ತೇವಾಂಶ ಮೀಟರ್ ಇಲ್ಲ. ಅದಕ್ಕಾಗಿ ಪತ್ರ ಬರೆಯುವುದು ಏಪ್ರಿಲ್ ತಿಂಗಳ ಮೊದಲ ಕೆಲಸ. ಮುಂಗಾರು ಮುಗಿಯುವುದರೊಳಗೆ ಬರದಿದ್ದರೆ ಪಕ್ಕದ ಹೋಬಳಿಯಿಂದ ವಾರಕ್ಕೆ ಎರಡು ದಿನ ಎರವಲು ತರುವುದೆಂದು ಅಲ್ಲಿನವರ ಜೊತೆ ಮಾತಾಡಿದ್ದೇನೆ.