ಸರಾಯೆವೊದಿಂದ ದುಬ್ರೋವ್ನಿಕ್‌ಗೆ ಬಾಡಿಗೆ ಕಾರಿನಲ್ಲಿ

ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕಾರು ಬಂದು ನಿಂತಿತು. ಚಾಲಕರು ಇಳಿದು, ಎಲ್ಲರಿಗೂ ಕೈಕುಲುಕಿ, ಡಿಕ್ಕಿ ತೆರೆದರು. ಒಳಗೆ ಅರ್ಧ ಜಾಗವನ್ನು ಗ್ಯಾಸ್ ಟ್ಯಾಂಕ್ ಹಿಡಿದುಕೊಂಡಿತ್ತು. ನಮ್ಮದು ಮೂರು ದೊಡ್ಡ ಸೂಟ್‌ಕೇಸ್, ಒಂದು ಕೈಚೀಲ, ಮೇಲೆ ಅಮ್ಮನ ತಿಂಡಿ ಚೀಲ. ಎರಡು ಸೂಟ್‌ಕೇಸ್ ಹೇಗೋ ಒಳಗೆ ತುರುಕಿದೆವು. ಮೂರನೆಯದು ಹಿಂದಿನ ಸೀಟಿನಲ್ಲಿ ನನಗೂ ಅಮ್ಮನಿಗೂ ನಡುವೆ, ನಾಲ್ಕನೆಯ ಪ್ರಯಾಣಿಕನಂತೆ ಬೆಲ್ಟ್ ಹಾಕಿಸಿಕೊಂಡು ಕ್ರೊಯೇಷಿಯಾದ ಕಡಲೂರು ದುಬ್ರೋವ್ನಿಕ್‌ವರೆಗೆ ಬಂತು.

ನಾನು ಮುಂಗಡ ಕೊಟ್ಟಾಗ ಚಿತ್ರದಲ್ಲಿ ತೋರಿಸಿದ್ದು ಉದ್ದನೆಯ ದೊಡ್ಡ ಕಾರು. ಬಂದದ್ದು ಬೇರೆ. ಫೋನ್ ಮಾಡಿದರೆ ಆ ಕಡೆಯವರು "ಕಾರು ಅದೇ ದರ್ಜೆಯದು" ಎಂದರು. ಬೋಸ್ನಿಯಾದಲ್ಲಿ ಪೆಟ್ರೋಲಿನ ಖರ್ಚು ಉಳಿಸಲು ಗ್ಯಾಸ್ ಹಾಕಿಸಿಕೊಂಡ ಕಾರುಗಳು ಬಹಳ. ಆದ್ದರಿಂದ ಗೊತ್ತುಮಾಡುವಾಗ "ಎಷ್ಟು ಜನ" ಎಂಬ ಪ್ರಶ್ನೆಗೆ ಉತ್ತರಿಸಿ ಸುಮ್ಮನಾಗಬೇಡಿ. ಸೂಟ್‌ಕೇಸುಗಳ ಫೋಟೊ ತೆಗೆದು ಕಳುಹಿಸಿ. ಡಿಕ್ಕಿಯಲ್ಲಿ ಟ್ಯಾಂಕ್ ಇದೆಯೇ ಎಂದು ನೇರವಾಗಿ ಕೇಳಿ. ಹಿಂದಿನ ದಿನವೇ ಕಾರಿನ ನಂಬರನ್ನೂ ಚಾಲಕರ ಹೆಸರನ್ನೂ ಬರೆಸಿಕೊಳ್ಳಿ.

ಇನ್ನು ಕಾರೇ ಏಕೆ ಎಂಬ ವಿಷಯ. ನಾನು ಇರುವುದು ಜರ್ಮನಿಯಲ್ಲಿ. ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು 2025ರ ಸೆಪ್ಟೆಂಬರ್‌ನಲ್ಲಿ ಸರಾಯೆವೊಗೆ ವಿಮಾನದಲ್ಲಿ ಕರೆದುಕೊಂಡು ಹೋಗಿ, ಅಲ್ಲಿಂದ ಸಮುದ್ರದ ಕಡೆಗೆ ಇಳಿಯುವ ಯೋಜನೆ ಹಾಕಿದ್ದೆ. ದುಬ್ರೋವ್ನಿಕ್‌ಗೆ ರೈಲೇ ಇಲ್ಲ. ಬಸ್ಸು ಇದೆ, ಮೂವರ ಟಿಕೆಟ್ ಸೇರಿಸಿದರೂ ಕಾರಿನ ಅರ್ಧದಷ್ಟೂ ಆಗುವುದಿಲ್ಲ. ಆದರೆ ಬಸ್ಸು ನಿಮ್ಮ ಮಂಡಿನೋವಿಗಾಗಲಿ ಮೂತ್ರಕ್ಕಾಗಲಿ ನಿಲ್ಲುವುದಿಲ್ಲ. ನಾನೇ ಕಾರು ಓಡಿಸೋಣವೆಂದರೆ, ಒಂದು ದೇಶದಲ್ಲಿ ತೆಗೆದುಕೊಂಡ ಕಾರನ್ನು ಇನ್ನೊಂದು ದೇಶದಲ್ಲಿ ಬಿಡುವುದಕ್ಕೆ ಹಾಕುವ ದಂಡದಂಥ ಶುಲ್ಕ ನೋಡಿ ಆಸೆ ಬಿಟ್ಟೆ. ಚಾಲಕರ ಸಹಿತ ಕಾರಿಗೆ ನಾವು ಕೊಟ್ಟದ್ದು 260 ಯೂರೋ. ತಲೆಲೆಕ್ಕವಲ್ಲ, ಕಾರಿನ ಲೆಕ್ಕ. ಒಬ್ಬರೇ ಹೋಗುವವರಿಗೆ ಇದು ದುಂದು. ಮೂವರು ನಾಲ್ವರಿದ್ದರೆ, ಅದರಲ್ಲೂ ಹಿರಿಯರಿದ್ದರೆ, ಯೋಚಿಸಬಹುದಾದ ಖರ್ಚು.

ಎಲ್ಲಕ್ಕಿಂತ ಮೊದಲು ವೀಸಾ. ಇಲ್ಲಿ ಎಡವಿದರೆ ಕಾರು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಕೂಟದ ಒಳಗೆ ಸೇರಿತು, ಅದೇ ದಿನ ಯೂರೋವನ್ನೂ ತೆಗೆದುಕೊಂಡಿತು. ಬೋಸ್ನಿಯಾ ಎರಡರಲ್ಲೂ ಇಲ್ಲ. ಅಂದರೆ ಜರ್ಮನಿಯಿಂದ ಸರಾಯೆವೊಗೆ ಹೋದಾಗ ಷೆಂಗೆನ್‌ನಿಂದ ಹೊರಗೆ ಬಂದಿರಿ, ದುಬ್ರೋವ್ನಿಕ್‌ಗೆ ಹೋಗುವಾಗ ಮತ್ತೆ ಒಳಗೆ ಹೋಗುತ್ತೀರಿ. ಒಂದೇ ಪ್ರವೇಶದ ವೀಸಾ ಆಗಿದ್ದರೆ ಅದು ಮೊದಲ ನಿರ್ಗಮನಕ್ಕೇ ಮುಗಿದಂತೆ, ಗಡಿಯಿಂದ ವಾಪಸು. ಅಪ್ಪ ಅಮ್ಮನ ಬಳಿ ಬಹುಪ್ರವೇಶದ ಷೆಂಗೆನ್ ವೀಸಾ ಇತ್ತು. ಅದನ್ನೇ ತೋರಿಸಿ ಬೋಸ್ನಿಯಾಕ್ಕೆ ಬೇರೆ ವೀಸಾ ಇಲ್ಲದೆ ಪ್ರವೇಶ ಸಿಕ್ಕಿತು. ಇಂಥ ನಿಯಮಗಳು ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮುನ್ನ ಬೋಸ್ನಿಯಾದ ವಿದೇಶಾಂಗ ಇಲಾಖೆಯ ಪುಟವನ್ನು ನೀವೇ ಓದಿ, ನನ್ನ ಮಾತು ನಂಬಿ ಹೊರಡಬೇಡಿ.

ಕಾರು ಗೊತ್ತುಮಾಡುವಾಗ ಬರವಣಿಗೆಯಲ್ಲಿ ಪಡೆಯಬೇಕಾದ ಇನ್ನೊಂದು ಸಂಗತಿ ನಿಲುಗಡೆಗಳದ್ದು. ಎಲ್ಲಿ ನಿಲ್ಲಿಸುತ್ತಾರೆ, ಎಷ್ಟು ಹೊತ್ತು, ಕಾಯುವುದಕ್ಕೆ ಬೇರೆ ಹಣವೇ, ಪಾರ್ಕಿಂಗ್ ಯಾರದ್ದು, ಟೋಲ್ ಸೇರಿದೆಯೇ. ಸುಮಾರು 250 ಕಿಲೋಮೀಟರ್ ದಾರಿ ಇದು. ಎಲ್ಲೂ ನಿಲ್ಲದೆ ಓಡಿಸಿದರೆ ಐದು ಗಂಟೆಯೊಳಗೆ ತಲುಪಿಸಿಬಿಡುತ್ತಾರೆ. ಹಾಗೆ ತಲುಪಿದರೆ 260 ಯೂರೋ ಕೊಟ್ಟು ಬಸ್ಸಿನ ಪ್ರಯಾಣ ಮಾಡಿದಂತಾಯಿತು. ನಾವು ಕೊನ್ಯಿತ್ಸ್‌ನಲ್ಲಿ ಅರ್ಧ ಗಂಟೆ, ಮೊಸ್ತಾರ್‌ನಲ್ಲಿ ಎರಡೂವರೆ ಗಂಟೆ, ಬ್ಲಾಗಾಯ್‌ನಲ್ಲಿ ಒಂದು ಗಂಟೆ ಎಂದು ಬರೆಸಿಕೊಂಡಿದ್ದೆವು. ಕಾರಿನ ವಿಷಯದಲ್ಲಿ ಮಾತು ತಪ್ಪಿದವರು ಇದನ್ನು ಮಾತ್ರ ಅಕ್ಷರಶಃ ನಡೆಸಿಕೊಟ್ಟರು. (ಈ ಊರುಗಳ ಹೆಸರಿನಲ್ಲಿ ನಕ್ಷೆಯಲ್ಲಿ ಕಾಣುವ ಜೆ ಅಕ್ಷರವನ್ನು 'ಯ' ಎಂದು ಓದಿಕೊಳ್ಳಿ. ದಾರಿ ಕೇಳುವಾಗ ಉಪಯೋಗಕ್ಕೆ ಬರುತ್ತದೆ.)

ಸರಾಯೆವೊ ಬಿಡುವಾಗ ಹಳೆಯ ವಸತಿ ಕಟ್ಟಡಗಳ ಗೋಡೆಯ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಕಾಣುತ್ತವೆ. ಮುಂದಿನ ಸೀಟಿನಲ್ಲಿದ್ದ ಅಪ್ಪ ಅದೇನೆಂದು ಕೇಳಿದರು. "ಶೆಲ್" ಎಂದರು ಚಾಲಕರು. ಆಮೇಲೆ ಸುಮಾರು ಹೊತ್ತು ಮಾತಿಲ್ಲ. ಬೋಸ್ನಿಯಾದ ಯುದ್ಧದಲ್ಲಿ 1992ರಿಂದ 1996ರವರೆಗೆ 1,425 ದಿನ ಮುತ್ತಿಗೆಯಲ್ಲಿದ್ದ ಊರು ಅದು. ಐವತ್ತರ ಆಸುಪಾಸಿನ ಯಾರೇ ಸಿಕ್ಕರೂ ಅವರ ಹರೆಯ ಅದರೊಳಗೆ ಕಳೆದಿರುತ್ತದೆ. ಪ್ರವಾಸಿಗರಿಗೆ ಇದು ಕುತೂಹಲ. ನಾವಾಗಿ ಕೆದಕದಿರುವುದೇ ಲೇಸು. ಮಧ್ಯಾಹ್ನದ ಹೊತ್ತಿಗೆ ಅವರೇ ಒಂದಿಷ್ಟು ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆಟ್ಟ ದಾಟಿ ಇಳಿದರೆ ಕೊನ್ಯಿತ್ಸ್. ಅಲ್ಲಿಂದ ನೆರೆತ್ವಾ ನದಿ ಜೊತೆಗೂಡುತ್ತದೆ. ನೀರು ಹಸಿರೋ ನೀಲಿಯೋ ಎಂದು ಅಪ್ಪನಿಗೂ ಅಮ್ಮನಿಗೂ ವಾದ ಹತ್ತಿ ಮೊಸ್ತಾರ್‌ವರೆಗೆ ತೀರ್ಮಾನವಾಗಲಿಲ್ಲ. ಕೊನ್ಯಿತ್ಸ್‌ನ ಕಲ್ಲಿನ ಸೇತುವೆ 1682ರದ್ದು. ಎರಡನೇ ಮಹಾಯುದ್ಧದ ಕೊನೆಗೆ ಸಿಡಿಸಿಹಾಕಿದ್ದನ್ನು ಮೊದಲಿದ್ದ ರೂಪದಲ್ಲೇ ಮತ್ತೆ ಕಟ್ಟಿ 2009ರಲ್ಲಿ ಮುಗಿಸಿದರು. ಅದರ ಪಕ್ಕದಲ್ಲೇ ಕುಳಿತು ಕಾಫಿ ಕುಡಿದೆವು. ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆ, ಹಿಡಿಯಿಲ್ಲದ ಬಟ್ಟಲು, ಒಂದು ಲೋಟ ನೀರು, ಒಂದು ತುಂಡು ಲೋಕುಮ್ ಎಂಬ ಸಿಹಿ, ಎಲ್ಲವೂ ಒಂದೇ ತಟ್ಟೆಯಲ್ಲಿ ಬರುತ್ತವೆ. ಇದು ಸೋಸದ ಕಾಫಿ. ಫಿಲ್ಟರ್ ಕಾಫಿಯ ಅಭ್ಯಾಸದಲ್ಲಿ ಅಪ್ಪ ಪಾತ್ರೆಯನ್ನು ಕೊನೆಯ ಹನಿವರೆಗೆ ಬಗ್ಗಿಸಿಬಿಟ್ಟರು. ಬಟ್ಟಲಿನ ತಳದಲ್ಲಿ ಕೆಸರಿನಂತೆ ಚರಟ. ಮೊದಲು ತಿಳಿಯಾಗಲು ಬಿಟ್ಟು, ಆಮೇಲೆ ನಿಧಾನವಾಗಿ ಬಗ್ಗಿಸಿ, ತಳದ್ದನ್ನು ಪಾತ್ರೆಯಲ್ಲೇ ಉಳಿಸಬೇಕು ಎಂದು ಚಾಲಕರು ಮಾಡಿ ತೋರಿಸಿದರು. ಹಾಲು ಕೇಳಬೇಡಿ. ಕೊಡುತ್ತಾರೆ, ಆದರೆ ನೋಡುವ ನೋಟ ಬೇರೆಯಾಗುತ್ತದೆ.

ಮುಂದೆ ಯಾಬ್ಲನಿತ್ಸ. ಆ ಊರು ಸರಳಿಗೆ ಚುಚ್ಚಿ ಸುಡುವ ಕುರಿಮರಿಯ ಮಾಂಸಕ್ಕೆ ಪ್ರಸಿದ್ಧ. ಚಾಲಕರು ಹೇಳದೆ ಕೇಳದೆ ಅಲ್ಲೊಂದು ಹೋಟೆಲಿನ ಮುಂದೆ ನಿಲ್ಲಿಸಿ, ಇದು ನನ್ನ ಕಡೆಯ ಉಡುಗೊರೆ ಎಂಬಂತೆ ಕೈ ತೋರಿಸಿದರು. ಕೆಂಡದ ಮೇಲೆ ಇಡೀ ಕುರಿಮರಿ ತಿರುಗುತ್ತಿತ್ತು. ಅಮ್ಮ ಕಾರಿನ ಗಾಜು ಏರಿಸಿಕೊಂಡರು. ಸಸ್ಯಾಹಾರಿಗಳು ಎಂದು ಬುಕ್ ಮಾಡುವಾಗಲೇ ತಿಳಿಸಿದ್ದರೆ ಆ ಪಾಪದ ಮನುಷ್ಯ ಅಷ್ಟು ಪೆಚ್ಚಾಗುತ್ತಿರಲಿಲ್ಲ. 2024ರ ಅಕ್ಟೋಬರ್‌ನ ಪ್ರವಾಹ, ಭೂಕುಸಿತಗಳಲ್ಲಿ ಜೀವಗಳು ಹೋಗಿ, ರಸ್ತೆ ಹಳಿ ಎರಡೂ ಮುರಿದುಬಿದ್ದದ್ದು ಇದೇ ಊರಿನ ಆಸುಪಾಸಿನಲ್ಲಿ. ಮಳೆಗಾಲದ ಪ್ರಯಾಣವಾದರೆ ಆ ವಾರದ ರಸ್ತೆ ಸ್ಥಿತಿ ವಿಚಾರಿಸಿಕೊಂಡೇ ಹೊರಡಿ.

ಊಟದ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಬೋಸ್ನಿಯಾದಲ್ಲಿ ಬುರೆಕ್ ಎಂದರೆ ಮಾಂಸದ್ದೇ. ಬೇರೆ ದೇಶಗಳಲ್ಲಿ ಚೀಸ್ ಬುರೆಕ್, ಪಾಲಕ್ ಬುರೆಕ್ ಎನ್ನುವುದನ್ನು ಕೇಳಿ ಇಲ್ಲೂ ಬುರೆಕ್ ಎಂದರೆ ಕೆಡುತ್ತೀರಿ. ಪದರ ಹಿಟ್ಟಿನ ಈ ತಿಂಡಿಗೆ ಒಟ್ಟು ಹೆಸರು ಪಿಟಾ. ಚೀಸಿನದು ಸಿರ್ನಿತ್ಸ, ಪಾಲಕಿನದು ಝೆಲ್ಯಾನಿತ್ಸ, ಆಲೂಗಡ್ಡೆಯದು ಕ್ರೊಂಪಿರುಶ. ಮೊದಲೆರಡರ ಹೂರಣಕ್ಕೆ ಸಾಮಾನ್ಯವಾಗಿ ಮೊಟ್ಟೆ ಬೆರೆಸುತ್ತಾರೆ. ಮೊಟ್ಟೆ ತಿನ್ನದ ಅಮ್ಮ ಮೂರು ದಿನ ಕ್ರೊಂಪಿರುಶದಲ್ಲೇ ಕಳೆದರು. ಆಲೂಗಡ್ಡೆ, ಈರುಳ್ಳಿ, ಧಾರಾಳ ಕರಿಮೆಣಸು. ಒಗ್ಗರಣೆಯೊಂದು ಬಿದ್ದಿದ್ದರೆ ಪಲ್ಯವೇ ಎಂದು ಅವರ ತೀರ್ಪು. ಆವತ್ತು ಬೆಳಿಗ್ಗೆ ಬಶ್ಚಾರ್ಷಿಯಾ ಪೇಟೆಯಲ್ಲಿ ಅರ್ಧ ಕಿಲೋ ಕಟ್ಟಿಸಿಕೊಂಡಿದ್ದೆವು. ಇಡೀ ದಾರಿಗೆ ಸಾಕಾಯಿತು. "ಬೆಜ್ ಮೆಸಾ" ಎಂದರೆ ಮಾಂಸವಿಲ್ಲದೆ ಎಂದರ್ಥ, ಬಾಯಿಪಾಠ ಮಾಡಿಕೊಳ್ಳಿ.

ಮೊಸ್ತಾರ್‌ನ ಹಳೆಯ ಸೇತುವೆಯ ಬಗ್ಗೆ ಎಲ್ಲರೂ ಬರೆದಿದ್ದಾರೆ. 1566ರಲ್ಲಿ ಕಟ್ಟಿದ್ದು, 1993ರ ನವೆಂಬರ್ 9ರಂದು ಶೆಲ್ ದಾಳಿಗೆ ಉರುಳಿದ್ದು, 2004ರಲ್ಲಿ ಮತ್ತೆ ತೆರೆದದ್ದು. ಯಾರೂ ಹೇಳದ ವಿಷಯವೆಂದರೆ ಅದು ಜಾರುತ್ತದೆ. ಸವೆದು ನುಣ್ಣಗಾದ ಕಲ್ಲು, ಮೇಲಾಗಿ ಕಮಾನು ಏರಿದಷ್ಟೇ ಕಡಿದಾಗಿ ಇಳಿಯುತ್ತದೆ. ಹೆಜ್ಜೆ ಸಿಗಲೆಂದು ಅಡ್ಡಲಾಗಿ ಕಲ್ಲಿನ ಪಟ್ಟಿಗಳಿವೆ. ಚಪ್ಪಲಿ ಹಾಕಿದ್ದ ಅಮ್ಮ ಒಂದೊಂದು ಪಟ್ಟಿಗೂ ಕಾಲು ಆನಿಸಿ, ನನ್ನ ತೋಳು ಬಿಡದೆ ದಾಟಿದರು. ರಬ್ಬರ್ ಅಡಿಯ ಬೂಟು ಸೂಟ್‌ಕೇಸಿನೊಳಗೆ, ಸೂಟ್‌ಕೇಸ್ ಕಾರಿನೊಳಗೆ, ಕಾರು ಹಳೆ ಪೇಟೆಯ ಹೊರಗೆ. ಅವತ್ತಿನ ಬೂಟು, ಔಷಧಿ, ಪಾಸ್‌ಪೋರ್ಟ್ ಯಾವಾಗಲೂ ಕೈಚೀಲದಲ್ಲಿರಲಿ. ಸೇತುವೆಯ ಮೇಲಿಂದ ನದಿಗೆ ಹಾರುವ ಹುಡುಗರು ಸಾಕಷ್ಟು ಹಣ ಕೂಡುವವರೆಗೆ ಹಾರುವುದಿಲ್ಲ. ಕಾಯುತ್ತಾ ನಿಂತರೆ ನಿಮ್ಮ ಎರಡೂವರೆ ಗಂಟೆ ಅಲ್ಲೇ ಕರಗುತ್ತದೆ.

ಮೊಸ್ತಾರ್‌ನಿಂದ ಬ್ಲಾಗಾಯ್‌ಗೆ ಅರ್ಧ ಗಂಟೆಯ ದಾರಿಯೂ ಇಲ್ಲ. ಬಂಡೆಯ ಬುಡದ ಗವಿಯಿಂದ ಬೂನಾ ನದಿ ಹುಟ್ಟುವ ಜಾಗ, ಪಕ್ಕದಲ್ಲೇ ಸೂಫಿಗಳ ಹಳೆಯ ಆಶ್ರಮ. ಅಪ್ಪ ತಲಕಾವೇರಿಯನ್ನು ನೆನೆದರು. ಆದರೆ ಇಲ್ಲಿ ನದಿ ಹುಟ್ಟುವಾಗಲೇ ತುಂಬುನದಿ.

ಹಣದ ವಿಷಯ. ಬೋಸ್ನಿಯಾದ ಮಾರ್ಕ್ ಯೂರೋಗೆ ಕಟ್ಟಿದ ನಾಣ್ಯ, ಒಂದು ಯೂರೋಗೆ 1.95583. ಅಂಗಡಿಯವರು ಸಲೀಸಿಗೆ ಎರಡೆಂದು ಲೆಕ್ಕ ಹಾಕುತ್ತಾರೆ. ಶೌಚಾಲಯಕ್ಕೆ ಚಿಲ್ಲರೆ ಇಟ್ಟುಕೊಳ್ಳಿ, ಉಳಿದ ಮಾರ್ಕ್‌ಗಳನ್ನು ಗಡಿಗೆ ಮುಂಚೆಯೇ ಮುಗಿಸಿ. ಇದಕ್ಕಿಂತ ದೊಡ್ಡ ಗುಂಡಿ ಮೊಬೈಲಿನದು. ಯುರೋಪಿನ ಒಕ್ಕೂಟದ ಸಿಮ್‌ಗೆ ಸಿಗುವ ಉಚಿತ ರೋಮಿಂಗ್ ಬೋಸ್ನಿಯಾದಲ್ಲಿ ನಡೆಯುವುದಿಲ್ಲ. ಕ್ರೊಯೇಷಿಯಾ ತಲುಪಿದೆವೆಂದು ಡೇಟಾ ಹಾಕಿಕೊಂಡರೆ, ಕರಾವಳಿಯಲ್ಲಿ ಫೋನು ಕದ್ದು ಬೋಸ್ನಿಯಾದ ಟವರಿಗೆ ಹೋಗಿ ಅಂಟಿಕೊಂಡಿತು. ಆ ಹತ್ತು ನಿಮಿಷದ ಬಿಲ್ಲು ಒಂದು ಊಟದಷ್ಟಾಯಿತು. ದುಬ್ರೋವ್ನಿಕ್ ಸೇರುವವರೆಗೆ ಫೋನು ತಾನಾಗಿ ಟವರ್ ಹಿಡಿಯಲು ಬಿಡದೆ, ನೆಟ್‌ವರ್ಕನ್ನು ನೀವೇ ಆಯ್ಕೆ ಮಾಡಿಡಿ.

ಗಡಿ ದಾಟಿದ್ದು ಮೆಟ್ಕೊವಿಚ್ ಬಳಿ. ಮೊದಲು ಬೋಸ್ನಿಯಾದವರ ಕಿಟಕಿ, ಆಮೇಲೆ ಕ್ರೊಯೇಷಿಯಾದವರದ್ದು. ಮಂಗಳವಾರ, ಸೆಪ್ಟೆಂಬರ್ ಬೇರೆ, ನಲವತ್ತು ನಿಮಿಷದಲ್ಲಿ ಮುಗಿಯಿತು. ಆಗಸ್ಟ್‌ನ ಶನಿವಾರಗಳಲ್ಲಿ ಇಲ್ಲಿ ಎರಡು ಗಂಟೆ ಕುಳಿತದ್ದಿದೆ ಎಂದರು ಚಾಲಕರು. ಕ್ರೊಯೇಷಿಯಾದ ಅಧಿಕಾರಿ ಕೇಳಿದ್ದು ಹೋಟೆಲಿನ ಬುಕಿಂಗ್, ವಾಪಸು ಟಿಕೆಟ್. ಎರಡನ್ನೂ ಕಾಗದದ ಮೇಲೆ ತೆಗೆದಿಟ್ಟದ್ದು ಒಳ್ಳೆಯದಾಯಿತು, ಫೋನಿನಲ್ಲಿ ಡೇಟಾ ಇರಲಿಲ್ಲವಲ್ಲ. ಮುದ್ರೆ ಒತ್ತಿ ಕೊಟ್ಟ ಪಾಸ್‌ಪೋರ್ಟನ್ನು ಅಪ್ಪ ಕನ್ನಡಕ ಏರಿಸಿ ನೋಡಿದರು. ಹಿಂದಿನ ಮುದ್ರೆಗಳಲ್ಲಿ ವಿಮಾನದ ಚಿತ್ರ, ಇದರಲ್ಲಿ ಪುಟ್ಟ ಕಾರು. ಮೈಸೂರಿಗೆ ಹೋಗಿ ಎಲ್ಲರಿಗೂ ತೋರಿಸಿದ್ದು ಸಮುದ್ರದ ಫೋಟೊ ಅಲ್ಲ, ಆ ಕಾರು. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಗಳಲ್ಲಿ ಮುದ್ರೆಯ ಬದಲು ಮುಖದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿ ಶುರುವಾಗಿದೆ. ಆದ್ದರಿಂದ ನಮಗಿಂತ ಹೆಚ್ಚು ಸಮಯ ಇಟ್ಟುಕೊಂಡು ಹೊರಡಿ. ಇನ್ನೊಂದು ಮಾತು: ಗಡಿಯಲ್ಲಿ "ನಾವು ಸ್ನೇಹಿತರು ಎನ್ನಿ" ಎಂದು ಹೇಳಿಕೊಡುವ ಚಾಲಕ ಸಿಕ್ಕರೆ ಆ ಕಾರು ಬೇಡ. ಪರವಾನಗಿ ಇದ್ದವನಿಗೆ ಆ ಸುಳ್ಳಿನ ಅಗತ್ಯವಿಲ್ಲ.

ಮೆಟ್ಕೊವಿಚ್ ಆದಮೇಲೆ ಎರಡು ದಾರಿ. ಹಳೆಯದು ನೆಯುಮ್ ಎಂಬ ಊರಿನ ಮೂಲಕ. ಬೋಸ್ನಿಯಾಕ್ಕೆ ಇರುವ ಒಂದೇ ಕಡಲಂಚು ಅದು, ಅಲ್ಲಿ ಹೋದರೆ ಮತ್ತೆರಡು ಗಡಿ ತಪಾಸಣೆ. ವೆನಿಸ್‌ನವರು ತಮ್ಮ ಗಡಿಗೆ ತಾಗಿ ಬರದಿರಲೆಂದು ದುಬ್ರೋವ್ನಿಕ್‌ನ ಹಳೆಯ ಗಣರಾಜ್ಯದವರೇ 1699ರ ಒಪ್ಪಂದದಲ್ಲಿ ಆ ತುಂಡು ನೆಲವನ್ನು ಆಗ ಬೋಸ್ನಿಯಾವನ್ನು ಆಳುತ್ತಿದ್ದ ತುರ್ಕರಿಗೆ ಬಿಟ್ಟುಕೊಟ್ಟರು. ಅಂದಿನ ಆ ಜಾಣತನಕ್ಕೆ ಅವರ ಮಕ್ಕಳು ಮೊಮ್ಮಕ್ಕಳು ಬಹುಕಾಲ ಸರತಿಯಲ್ಲಿ ನಿಂತರು. 2022ರ ಜುಲೈನಲ್ಲಿ ತೆರೆದ 2.4 ಕಿಲೋಮೀಟರ್ ಉದ್ದದ ಪೆಲ್ಯೆಶಾತ್ಸ್ ಸೇತುವೆ ನೆಯುಮ್ ಅನ್ನು ಪಕ್ಕಕ್ಕೆ ಬಿಟ್ಟು ಸಮುದ್ರದ ಮೇಲಿಂದಲೇ ದಾಟಿಸುತ್ತದೆ, ಟೋಲ್ ಕೂಡ ಇಲ್ಲ. ಸೇತುವೆಯ ದಾರಿಯೇ ಬೇಕೆಂದು ಮೊದಲೇ ಹೇಳಿ. ನೆಯುಮ್‌ನಲ್ಲಿ ಇಂಧನ ಹಾಕಿಸಿಕೊಳ್ಳುವ ಆಸೆಗೆ ಕೆಲವರು ಆ ಕಡೆ ತಿರುಗಿಸುವುದುಂಟು. ನಮ್ಮ ಚಾಲಕರೂ ಮೆಲ್ಲಗೆ ಕೇಳಿ ನೋಡಿದರು.

ಆರು ಗಂಟೆಗೆ ದುಬ್ರೋವ್ನಿಕ್. ಹಳೆಯ ಊರಿನ ಕೋಟೆಯೊಳಗೆ ಕಾರು ಹೋಗುವುದಿಲ್ಲ. ಪಿಲೆ, ಪ್ಲೊಚೆ, ಬೂಝಾ ಎಂಬ ಬಾಗಿಲುಗಳಲ್ಲಿ ನಿಮ್ಮ ಮನೆಗೆ ಯಾವುದು ಹತ್ತಿರವೆಂದು ಮೊದಲೇ ತಿಳಿದಿರಬೇಕು. ತಪ್ಪು ಬಾಗಿಲಲ್ಲಿ ಇಳಿದರೆ ಸೂಟ್‌ಕೇಸ್ ಎಳೆದುಕೊಂಡು ಇಡೀ ಊರು ದಾಟಬೇಕು. ನಾನು ಜಾಣತನ ಮಾಡಿ ಕೋಟೆಯ ಹೊರಗೆ, ರಸ್ತೆಗೆ ಹತ್ತಿರದ ಮನೆಯನ್ನೇ ಹಿಡಿದಿದ್ದೆ. ರಸ್ತೆಗೆ ಹತ್ತಿರವೇನೋ ಹೌದು, ಆದರೆ ರಸ್ತೆಯಿಂದ ಕೆಳಗೆ. ಚಾಲಕರು ಎರಡು ಸೂಟ್‌ಕೇಸ್ ಎತ್ತಿಕೊಂಡು ಮುಂದೆ ಇಳಿದರು, ಅದಕ್ಕಾಗಿ ಇಪ್ಪತ್ತು ಯೂರೋ ಹೆಚ್ಚಿಗೆ ಕೊಟ್ಟೆ. ಮನೆ ಬಾಡಿಗೆಗೆ ಹಿಡಿಯುವಾಗ ಎಷ್ಟು ಮೆಟ್ಟಿಲು ಎಂದು ಕೇಳಲು ಮರೆಯಬೇಡಿ. ಮೆಟ್ಟಿಲ ಬದಿಯ ಕಂಬಿ ಹಿಡಿದು ಇಳಿಯುತ್ತಾ ಅಮ್ಮ ಎಣಿಸಿದ ಲೆಕ್ಕ ತೊಂಬತ್ತನಾಲ್ಕು. ಬಾಗಿಲು ಸಿಕ್ಕಿದ ಮೇಲೆ ಒಮ್ಮೆ ತಿರುಗಿ ಮೇಲಕ್ಕೆ ನೋಡಿ, "ನಾಳೆ ನಾನು ಎಲ್ಲಿಗೂ ಬರುವುದಿಲ್ಲ" ಎಂದರು.