ಕಲಬುರಗಿಯಿಂದ ಕ್ವಾಂಟಂ ಸಿದ್ಧಾಂತದ ಸಂಶೋಧನೆಗೆ

ಕಳೆದ ಶನಿವಾರ ಮಧ್ಯಾಹ್ನ, ಮೂರು ವರ್ಷ ನನ್ನ ಬಳಿ ಬಿ.ಎಸ್ಸಿ. ಓದಿ ಈಗ ಎಂ.ಎಸ್ಸಿ. ಮುಗಿಸುತ್ತಿರುವ ವಿದ್ಯಾರ್ಥಿನಿಯೊಬ್ಬಳು ಕಾಲೇಜಿಗೆ ಬಂದು, "ಸರ್, ಥಿಯರಿಯೊಳಗ ಪಿಎಚ್‌.ಡಿ. ಮಾಡಬೇಕಂತ ಆಸೆ ಅದರಿ, ಇಲ್ಲಿಂದ ಹೋದವರಿಗೆ ಸೀಟು ಸಿಗ್ತದೇನ್ರಿ?" ಎಂದು ಕೇಳಿದಳು. ಪ್ರತಿವರ್ಷ ಒಬ್ಬರಾದರೂ ಕೇಳುವ ಪ್ರಶ್ನೆ ಇದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸಿಗುತ್ತದೆ. ನಮ್ಮ ಭಾಗದ ವಿದ್ಯಾರ್ಥಿಗೆ ಭೌತಶಾಸ್ತ್ರದ ಬೇರೆಲ್ಲ ಶಾಖೆಗಳಿಗಿಂತ ಸಿದ್ಧಾಂತವೇ ಹತ್ತಿರದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೂಪರ್‌ಕಂಡಕ್ಟಿಂಗ್ ಚಿಪ್ಪಿನ ಮೇಲೆ ಪ್ರಯೋಗ ಮಾಡಬೇಕಾದರೆ ಅದನ್ನು ಕೆಲವೇ ಮಿಲಿಕೆಲ್ವಿನ್‌ಗಳಿಗೆ, ಅಂದರೆ ನಿರಪೇಕ್ಷ ಶೂನ್ಯದ ತೀರ ಹತ್ತಿರಕ್ಕೆ, ತಣಿಸುವ ಯಂತ್ರ ಬೇಕು. ಅಂಥ ಯಂತ್ರವನ್ನು ನಮ್ಮ ಹುಡುಗರು ಚಿತ್ರದಲ್ಲಿ ಮಾತ್ರ ನೋಡಿದ್ದಾರೆ. ಸಿದ್ಧಾಂತಕ್ಕೆ ಬೇಕಾದದ್ದು ಕಾಗದ, ಸಾಧಾರಣ ಕಂಪ್ಯೂಟರ್ ಮತ್ತು ಗಣಿತದಲ್ಲಿ ಪಳಗಿದ ಕೈ. 1991ರಿಂದ ನಡೆಯುತ್ತಿರುವ ಆರ್ಕೈವ್ ಎಂಬ ಭಂಡಾರದಲ್ಲಿ ಹೊಸ ಪ್ರಬಂಧಗಳು ದಿನವೂ ಉಚಿತವಾಗಿ ಸಿಗುತ್ತವೆ. ಪ್ರಿನ್ಸ್‌ಟನ್ನಿನವರು ಬೆಳಿಗ್ಗೆ ಓದುವುದನ್ನು ಆಳಂದದವರೂ ಅದೇ ದಿನ ಓದಬಹುದು. ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಪ್ರಕಟಿಸಿದ್ದು, ದೂರವಿರುವ ಎರಡು ಕಣಗಳ ನಡುವಿನ ಕ್ವಾಂಟಂ ನಂಟಿನ ಬಗ್ಗೆ ಕೆಲವೇ ಪುಟಗಳ ಒಂದು ಲೆಕ್ಕ. ಅದನ್ನು ಪ್ರಯೋಗದಲ್ಲಿ ಪರೀಕ್ಷಿಸಿದ ಆಸ್ಪೆ, ಕ್ಲೌಸರ್ ಮತ್ತು ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂದಿತು.

ಹಾಗಾದರೆ ಎಲ್ಲಿಗೆ ಹೋಗಬೇಕು? ಕ್ವಾಂಟಂ ಮಾಹಿತಿ ಮತ್ತು ಎಂಟ್ಯಾಂಗಲ್‌ಮೆಂಟಿನ (ದೂರವಿದ್ದರೂ ಕಣಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದರ) ಸಿದ್ಧಾಂತದಲ್ಲಿ ಆಸಕ್ತಿಯಿದ್ದವರು ಮೊದಲು ಪ್ರಯಾಗರಾಜದ ಹರೀಶ್ಚಂದ್ರ ಸಂಶೋಧನಾ ಸಂಸ್ಥೆಯನ್ನು ನೋಡಬೇಕು, ಏಕೆಂದರೆ ಅಲ್ಲಿ ಈ ವಿಷಯಕ್ಕೆಂದೇ ಒಂದು ಗುಂಪು ಇದೆ. ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆ 1962ರಿಂದ ಸಿದ್ಧಾಂತವನ್ನೇ ಉಸಿರಾಗಿಸಿಕೊಂಡಿದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯಿರುವ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಇವೆ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ದಾರಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ (ಟಿಐಎಫ್‌ಆರ್) ಅದೇ ಗಾಡಿ ಎದುರು ದಿಕ್ಕಿನಲ್ಲಿ ಹೋಗುತ್ತದೆ. ಮನೆ ಬಿಡಲಾಗದವರಿಗೆ ಗುಲಬರ್ಗಾ ವಿಶ್ವವಿದ್ಯಾಲಯ ಮತ್ತು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳಿವೆ. ಎಲ್ಲಿಯೇ ಆದರೂ ಅರ್ಜಿ ಹಾಕುವ ಮೊದಲು, ಮಾರ್ಗದರ್ಶಕರಾಗಬಹುದಾದವರ ಇತ್ತೀಚಿನ ಎರಡು ಮೂರು ಪ್ರಬಂಧಗಳನ್ನು ಓದಿ, ಅವರು ನಿಜಕ್ಕೂ ಸಿದ್ಧಾಂತದಲ್ಲಿ ಕೆಲಸ ಮಾಡುತ್ತಿದ್ದಾರೆಯೇ, ಅವರ ಬಳಿ ಸ್ಥಾನ ಖಾಲಿ ಇದೆಯೇ ಎಂದು ತಿಳಿದುಕೊಳ್ಳಬೇಕು. ಊರು ಹತ್ತಿರ ಎಂಬ ಒಂದೇ ಕಾರಣಕ್ಕೆ ಸೇರಿಕೊಂಡು, ಆಸಕ್ತಿಯಿಲ್ಲದ ವಿಷಯದಲ್ಲಿ ಐದು ವರ್ಷ ಸವೆಸಿದವರನ್ನು ನಾನು ಕಂಡಿದ್ದೇನೆ.

ಈ ಸಂಸ್ಥೆಗಳಲ್ಲಿ ಬಹುಪಾಲಿನ ಬಾಗಿಲು, ಹಲವು ಸಂಸ್ಥೆಗಳ ಪಿಎಚ್‌.ಡಿ. ಪ್ರವೇಶಕ್ಕೆ ಒಟ್ಟಾಗಿ ನಡೆಯುವ ಜೆಸ್ಟ್ ಪರೀಕ್ಷೆ. ಟಿಐಎಫ್‌ಆರ್ ತನ್ನದೇ ಪರೀಕ್ಷೆ ನಡೆಸುತ್ತದೆ. ಗೇಟ್ ಮತ್ತು ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರೀಯ ಪರೀಕ್ಷೆಗಳು ಬೇರೆ ಇವೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮುಂದೆ ಹಿರಿಯ ಫೆಲೋ ಆದಾಗ 42,000 ರೂಪಾಯಿ ಸಿಗುತ್ತದೆ. "ಇನ್ನೂ ಎಷ್ಟು ವರ್ಷ ಓದಿಸಬೇಕು?" ಎಂದು ಚಿಂತಿಸುವ ತಂದೆ ತಾಯಿಗೆ ಈ ಅಂಕಿಯನ್ನು ತಪ್ಪದೆ ಹೇಳಿ. ಕಲ್ಯಾಣ ಕರ್ನಾಟಕದವರಿಗಿರುವ 371 ಜೆ ಮೀಸಲಾತಿಯನ್ನು ನೆಚ್ಚಿಕೊಂಡು ಕೆಲವರು ಕೂರುತ್ತಾರೆ. ಈ ರಾಷ್ಟ್ರೀಯ ಪರೀಕ್ಷೆಗಳಲ್ಲಿ ಅದಕ್ಕೆ ಸ್ಥಾನವಿಲ್ಲ.

ನಮ್ಮಲ್ಲಿ ಹಿಂದೆ ಬೀಳುವುದಕ್ಕೆ ಬುದ್ಧಿ ಕಾರಣವಲ್ಲ, ತಾರೀಖು ಕಾರಣ. ನಾನು ಓದುವಾಗ ಒಂದು ಪ್ರವೇಶ ಪರೀಕ್ಷೆಯ ಪ್ರಕಟಣೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದಾಗ ಅರ್ಜಿಯ ಕೊನೆಯ ದಿನ ಕಳೆದು ಒಂದು ವಾರವಾಗಿತ್ತು. ಆ ಹಳದಿ ಕಾಗದದ ಮುಂದೆ ನಿಂತ ಮಧ್ಯಾಹ್ನವನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕಾಗಿಯೇ ನಮ್ಮ ಪ್ರಯೋಗಾಲಯದ ಬಾಗಿಲಿಗೆ ತಿಂಗಳ ಪಟ್ಟಿ ಬರೆದು ಹಾಕಿದ್ದೇನೆ. ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಯಿಂದ ಶುರುವಾಗುತ್ತದೆ. ಟಿಐಎಫ್‌ಆರ್ ಪರೀಕ್ಷೆ ಡಿಸೆಂಬರಿನಲ್ಲಿ, ಜೆಸ್ಟ್ ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುತ್ತದೆ. ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು, ಮತ್ತು ಅದಕ್ಕೆ ನಮ್ಮಂಥ ಅಧ್ಯಾಪಕರೂ ಅರ್ಜಿ ಹಾಕಬಹುದು. ಪಿಎಚ್‌.ಡಿ. ಎಂದರೇನೆಂದು ಎರಡು ತಿಂಗಳು ಒಳಗಿದ್ದು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಅವಕಾಶ ನನಗೆ ಗೊತ್ತಿಲ್ಲ.

ಲಿಖಿತ ಪರೀಕ್ಷೆ ದಾಟಿದ ಮೇಲೆ ಸಂದರ್ಶನ ಬರುತ್ತದೆ, ಅಲ್ಲಿ ಕೈಗೆ ಚಾಕ್ ಕೊಡುತ್ತಾರೆ. ಅಂದು ನಾನೂ ಅವಳ ಕೈಗೆ ಚಾಕ್ ಕೊಟ್ಟು ಒಂದು ಹಳೆಯ ಲೆಕ್ಕ ಕೇಳಿದೆ. L ಅಗಲದ ಪೆಟ್ಟಿಗೆಯಲ್ಲಿ ಒಂದು ಕಣ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿದೆ. ಬಲಗಡೆಯ ಗೋಡೆ ಇದ್ದಕ್ಕಿದ್ದಂತೆ ಸರಿದು ಪೆಟ್ಟಿಗೆಯ ಅಗಲ 2L ಆಯಿತು. ಹೊಸ ಪೆಟ್ಟಿಗೆಯ ಅತಿ ಕಡಿಮೆ ಶಕ್ತಿಯ ಸ್ಥಿತಿಯಲ್ಲಿ ಕಣ ಸಿಗುವ ಸಂಭವನೀಯತೆ ಎಷ್ಟು? ಅವಳು ತರಂಗಫಲನದ (ಕಣದ ಸ್ಥಿತಿಯನ್ನು ಹೇಳುವ ಅಲೆಯ) ಸೂತ್ರವನ್ನು ತಡವರಿಸದೆ ಬರೆದಳು, ಶಕ್ತಿಯ ಸೂತ್ರವನ್ನೂ ಬರೆದಳು, ಅಲ್ಲಿಗೇ ನಿಂತಳು. "ಗ್ವಾಡಿ ಸರಿದ್ರ ಅಲೆನೂ ಹಿಗ್ತದಲ್ರಿ ಸರ್?" ಎಂದಳು. ಗೋಡೆ ಅಷ್ಟು ಬೇಗ ಸರಿದರೆ ಅಲೆಗೆ ಹಿಗ್ಗಲು ಸಮಯವೆಲ್ಲಿದೆ ಎಂದು ಕೇಳಿದೆ. ಐದು ನಿಮಿಷ ಸುಮ್ಮನಿದ್ದು, ಹಳೆಯ ಅಲೆಯನ್ನು ಹೊಸ ಅಲೆಯೊಂದಿಗೆ ಗುಣಿಸಿ ಸೊನ್ನೆಯಿಂದ L ವರೆಗೆ ಸಮಾಕಲನ ಮಾಡಿ, ಬಂದದ್ದನ್ನು ವರ್ಗ ಮಾಡಿದಳು: 32/(9π²), ಅಂದರೆ ಸುಮಾರು 0.36. ಎರಡನೆಯ ಸ್ಥಿತಿಗೆ ಸರಿಯಾಗಿ ಅರ್ಧ ಬಂದಾಗ ಅವಳಿಗೇ ಆಶ್ಚರ್ಯವಾಯಿತು. ಆ ಎರಡನೆಯ ಸ್ಥಿತಿಯ ಶಕ್ತಿಯೂ ಹಳೆಯ ಪೆಟ್ಟಿಗೆಯಲ್ಲಿದ್ದ ಶಕ್ತಿಯೂ ಒಂದೇ ಎಂಬುದನ್ನು ನಾನು ಹೇಳುವ ಮೊದಲೇ ಗುರುತಿಸಿದಳು.

ಪ್ರಶ್ನೋತ್ತರ ಬಾಯಿಪಾಠ ಮಾಡಿಸುವ ನಮ್ಮ ಪದ್ಧತಿಯಲ್ಲಿ ಈ ಐದು ನಿಮಿಷದ ಮೌನಕ್ಕೆ ಜಾಗವೇ ಇಲ್ಲ, ಮತ್ತು ಸಂದರ್ಶಕರು ನೋಡುವುದು ಆ ಮೌನದ ನಂತರ ಏನಾಗುತ್ತದೆ ಎಂಬುದನ್ನೇ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷಿಗೆ ಅಂಜುತ್ತಾರೆ. ಫಲಕದ ಮೇಲೆ ಲೆಕ್ಕ ಸರಿಯಾಗಿ ಮುಂದೆ ಸಾಗುತ್ತಿದ್ದರೆ ಮುರುಕು ಇಂಗ್ಲಿಷ್ ಸಾಕು. ಪಾಠ ಕೇಳಬೇಕಾದರೆ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ಐಐಟಿ ಮದ್ರಾಸಿನ ವಿ. ಬಾಲಕೃಷ್ಣನ್ ಅವರ ಉಪನ್ಯಾಸಗಳಿವೆ. ಅವನ್ನು ವೇಗ ಹೆಚ್ಚಿಸಿ ನೋಡಬೇಡಿ, ನಿಲ್ಲಿಸಿ ನಿಲ್ಲಿಸಿ ಜೊತೆಗೆ ಬರೆಯುತ್ತ ನೋಡಿ.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅದು 2031ರವರೆಗೆ ನಡೆಯುತ್ತದೆ. ಹಣದ ಹೆಚ್ಚಿನ ಭಾಗ ಯಂತ್ರಗಳತ್ತ ಹರಿದರೂ, ದೋಷ ಸರಿಪಡಿಸುವ ಸಂಕೇತಗಳು, ಅಲ್ಗಾರಿದಮ್‌ಗಳು, ಹೊರಗಿನ ಅಡಚಣೆ (ನಾಯ್ಸ್) ತುಂಬಿದ ವ್ಯವಸ್ಥೆಗಳಲ್ಲಿ ಎಂಟ್ಯಾಂಗಲ್‌ಮೆಂಟ್ ಉಳಿಯುವ ಬಗೆ ಇವೆಲ್ಲ ಸಿದ್ಧಾಂತದವರ ಕೆಲಸ.

ಅವಳು ಫಲಕ ಒರೆಸುವ ಮೊದಲು ತಿರುಗಿ, "ಸರ್, ಗ್ವಾಡಿ ಸಾವಕಾಶ ಸರಿಸಿದ್ರ?" ಎಂದು ಕೇಳಿದಳು. ಉತ್ತರ ಹೇಳಲಿಲ್ಲ. ಮುಂದಿನ ಶನಿವಾರ ಮೂರು ಗಂಟೆಗೆ ಅದೇ ಕೊಠಡಿಯಲ್ಲಿ ಆ ಲೆಕ್ಕವನ್ನು ಅವಳೇ ಮಾಡಿ ತೋರಿಸುತ್ತಾಳೆ, ಬರಬೇಕೆನ್ನುವವರು ಬರಬಹುದು.