ಬೀದಿ ನಾಯಿ ಕೊಡೋಕೆ ಇಷ್ಟೊಂದು ಪ್ರಶ್ನೆ ಯಾಕೆ?

"ಅಲ್ರೀ ಅಕ್ಕಾರ, ಬೀದ್ಯಾಗ ಬಿದ್ದಿದ್ದ ನಾಯಿ. ಸಾಕ್ತೀನಿ ಅಂದ್ರ, ಹೆಣ್ಣು ಕೊಡೋರಂಗ ಮನಿ ನೋಡಾಕ ಬರ್ತೀರಲ್ಲ?"

ವಿಜಯಪುರದಲ್ಲಿ ನಾವು ನಾಲ್ಕೈದು ಜನ ಸೇರಿ, ಗಾಯಗೊಂಡ ನಾಯಿಗಳನ್ನು ಆರೈಕೆ ಮಾಡಿ ಮನೆ ಹುಡುಕಿ ಕೊಡುತ್ತೇವೆ. ಈ ಮಾತು ಕೇಳದ ವಾರವಿಲ್ಲ. ಹೌದು, ಮನೆ ನೋಡುತ್ತೇವೆ. ಮನೆಮಂದಿಯನ್ನೆಲ್ಲ ಮಾತಾಡಿಸುತ್ತೇವೆ. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಕೇಳುತ್ತೇವೆ.

ಮೊದಲ ವರ್ಷ ಏನೂ ಕೇಳುತ್ತಿರಲಿಲ್ಲ. ಕಂದು ಬಣ್ಣದ ಒಂದು ಹೆಣ್ಣು ನಾಯಿಯನ್ನು ಒಂದೇ ತಾಸಿನಲ್ಲಿ ಕೊಟ್ಟು ಕಳಿಸಿದೆವು. ಏಪ್ರಿಲ್‌ನಲ್ಲಿ ಪಕ್ಕದ ಮನೆಯವರು ಫೋನ್ ಮಾಡಿದರು. ಹೋಗಿ ನೋಡಿದರೆ ಮಾಳಿಗೆ ಮೇಲೆ ಕಟ್ಟಿದ್ದಾರೆ. ಬೋಗುಣಿಯ ನೀರು ಕೈಯಿಡಲಾಗದಷ್ಟು ಬಿಸಿ. ಅಂಗಾಲಿನ ಚರ್ಮ ಸುಲಿದಿತ್ತು. ನಮ್ಮೂರ ಬಿಸಿಲು 40 ಡಿಗ್ರಿ ದಾಟುತ್ತೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರೋದಿಲ್ಲ, ತೇಕಿ ತೇಕಿಯೇ ತಂಪಾಗಬೇಕು. "ಹುಡುಗ್ರು ಹಠ ಮಾಡಿದ್ರು, ತಂದ್ವಿ. ನಮ್ಮ ಅತ್ತೆಯವ್ರಿಗೆ ನಾಯಿ ಆಗಂಗಿಲ್ರಿ" ಅಂದರು ಆ ಮನೆಯ ಹೆಣ್ಣುಮಗಳು. ಕೆಟ್ಟವರಲ್ಲ ಅವರು. ನಾವು ಕೇಳಿರಲಿಲ್ಲ, ಅಷ್ಟೆ.

ವಾಪಸ್ ತಂದ ಮೇಲೆ ಅದು ಗೇಟಿನ ಹತ್ತಿರವೇ ಕೂತಿರುತ್ತಿತ್ತು. ಸ್ಕೂಟರ್ ಸದ್ದಾದರೆ ಸಾಕು, ಕಿವಿ ನಿಮಿರುತ್ತಿತ್ತು. ಮಾಳಿಗೆಗೆ ಕಟ್ಟಿದವರಿಗೇ ಕಾಯುತ್ತಿತ್ತು. ಮೂರು ದಿನ ರೊಟ್ಟಿ ಮುಟ್ಟಲಿಲ್ಲ.

ಮಧ್ಯಾಹ್ನ ನಾಯಿ ಎಲ್ಲಿರುತ್ತೆ, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ ಇದೆಯಾ ಅನ್ನೋ ಪ್ರಶ್ನೆಗಳು ಹುಟ್ಟಿದ್ದು ಅಲ್ಲಿಂದ.

ಸಂತಾನಹರಣ ಆಪರೇಷನ್ ಮಾಡಿಸಲೇಬೇಕು ಅಂತ ಬರೆಸಿಕೊಳ್ಳುತ್ತೇವೆ. ನಾಯಿ ಗಬ್ಬ ಹೊರೋದು ಸುಮಾರು 63 ದಿನ. ವರ್ಷಕ್ಕೆ ಎರಡು ಸಲ ಈಯಬಹುದು, ಒಂದೊಂದು ಸಲಕ್ಕೆ ಐದಾರು ಮರಿ. ಆ ಮರಿಗಳು ಮತ್ತೆ ಎಪಿಎಂಸಿ ಗೇಟಿನ ಮುಂದೆ, ರಟ್ಟಿನ ಡಬ್ಬಿಯಲ್ಲಿ ನಮಗೇ ಸಿಗುತ್ತವೆ.

ಮುಧೋಳ ನಾಯಿ ಕೇಳುವವರಿಗಂತೂ ಇನ್ನೂ ಜಾಸ್ತಿ ಪ್ರಶ್ನೆ. ಮುಧೋಳ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯದು, ಹೆಮ್ಮೆ ನಮಗೂ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು, ಸೇನೆಯೂ ತರಬೇತಿ ಕೊಟ್ಟಿತು. ಆದರೆ ಅದು ಬೇಟೆಯ ನಾಯಿ, ಓಡಬೇಕು. ಮೊಳದುದ್ದ ಸರಪಳಿಯಲ್ಲಿ ಕಟ್ಟಿದರೆ ಮಂಕಾಗುತ್ತೆ, ಇಲ್ಲವೇ ಕಚ್ಚುತ್ತೆ. ಆಮೇಲೆ "ಈ ನಾಯಿ ಸರಿಯಿಲ್ಲ" ಅಂತ ರಾತ್ರಿ ಹೈವೇಯಲ್ಲಿ ಬಿಟ್ಟು ಬರುತ್ತಾರೆ.

ಸಂಬಳ ಎಷ್ಟು ಅಂತ ನಾವು ಯಾರನ್ನೂ ಕೇಳಲ್ಲ. ಕೇಳಲೂಬಾರದು. ಆದರೆ ಕಾಂಪೌಂಡ್ ಇದೆಯಾ ಅಂತ ಕೇಳುತ್ತಿದ್ದೆವು. ಇಂಡಿ ಕಡೆಯ ರೈತರೊಬ್ಬರಿಗೆ ತೋಟದ ಮನೆಗೆ ಕಾಂಪೌಂಡ್ ಇರಲಿಲ್ಲ. ಆಗಲ್ಲ ಅಂದೆವು. ಅವರು ಅಂಗಿ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ತೀರಿಹೋದ ನಾಯಿಯ ಲಸಿಕೆ ಕಾರ್ಡ್. ಹನ್ನೊಂದು ವರ್ಷ, ಒಂದು ವರ್ಷವೂ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿದ ಗುರುತು.

ಕಂದು ನಾಯಿ ಈಗ ಅವರ ಬೇವಿನ ಮರದ ಕೆಳಗೆ ಮಲಗುತ್ತೆ. ಕಾಂಪೌಂಡಿನ ಪ್ರಶ್ನೆಯನ್ನು ಅವತ್ತೇ ನಮ್ಮ ಅರ್ಜಿ ಫಾರ್ಮಿನಿಂದ ಹೊಡೆದು ಹಾಕಿದೆವು.